ಮುಚ್ಚುವ ಹಂತದ ಹೋಟೆಲಿಗೆ ಜನಬೆಂಬಲ: ಮೊದಲು ಲೆಕ್ಕ, ಆಮೇಲೆ ಕರೆ

ಹೋಟೆಲ್ ಮುಚ್ಚುತ್ತದಂತೆ ಎಂಬ ಸುದ್ದಿ ಹಬ್ಬಿದೊಡನೆ ಎಲ್ಲರಿಗೂ ತೋಚುವುದು ಒಂದೇ: ಒಂದು ಭಾನುವಾರ ಎಲ್ಲರೂ ಸೇರಿ ಹೋಗಿ ಉಂಡು ಬರೋಣ. ಗ್ರಾಹಕರ ಗುಂಪು ಕಟ್ಟಿ ಈ ಕೆಲಸ ಮಾಡಿದ ಮೇಲೆ ನಮಗೆ ಖಚಿತವಾಗಿದೆ, ಅದರಿಂದ ಹೋಟೆಲ್ ಉಳಿಯುವುದಿಲ್ಲ. ಭಾನುವಾರ ಹೇಗೂ ಮೇಜುಗಳು ತುಂಬಿರುತ್ತವೆ. ಖಾಲಿ ಹೊಡೆಯುವುದು ಮಂಗಳವಾರ ರಾತ್ರಿ.

ಕರೆ ಕೊಡುವ ಮುಂಚೆ ಮಾಲೀಕರ ಜೊತೆ ಕೂತು ಮೂರು ವಿಷಯ ತಿಳಿದುಕೊಳ್ಳಬೇಕು. ಕಳೆದ 12 ತಿಂಗಳ ಲೆಕ್ಕ ತೋರಿಸುತ್ತಾರೆಯೇ? ಯಾರ್‍ಯಾರಿಗೆ ಎಷ್ಟು ಬಾಕಿ? ಇನ್ನೂ ನಡೆಸುವ ಮನಸ್ಸು ಅವರಿಗೆ ನಿಜವಾಗಿ ಇದೆಯೇ? ಮೂರನೆಯದಕ್ಕೆ ಉತ್ತರ ತಡವರಿಸಿದರೆ ಅಲ್ಲೇ ನಿಲ್ಲಿಸಿ. ದಣಿದು ಬಿಡಲು ಸಿದ್ಧರಾದವರನ್ನು ಜನರ ಒತ್ತಡದಿಂದ ಮತ್ತೆ ಒಲೆ ಮುಂದೆ ನಿಲ್ಲಿಸುವುದು ತಪ್ಪು. ಕಟ್ಟಡದ ಕರಾರು ಇನ್ನಾರು ತಿಂಗಳಲ್ಲಿ ಮುಗಿಯುವುದಿದ್ದರೆ ಮೊದಲು ಅದು ನವೀಕರಣವಾಗಲಿ.

ಲೆಕ್ಕವನ್ನು ಹಣದಲ್ಲಿ ಹೇಳಿದರೆ ಜನರಿಗೆ ತಲುಪುವುದಿಲ್ಲ, ಬಿಲ್ಲುಗಳಲ್ಲಿ ಹೇಳಬೇಕು. ಬಿಲ್ ಎಂದರೆ ಒಬ್ಬರ ಊಟದ ಸರಾಸರಿ ಬೆಲೆ. ಬಾಡಿಗೆ, ಸಂಬಳ, ವಿದ್ಯುತ್, ಸಾಲದ ಕಂತು ಎಲ್ಲ ಸೇರಿ ತಿಂಗಳಿಗೆ 1,300 ಬಿಲ್ಲಿನಷ್ಟು ಎಂದಿಟ್ಟುಕೊಳ್ಳಿ. ಪ್ರತಿ 100ರಲ್ಲಿ 35 ದಿನಸಿಗೆ, ಗ್ಯಾಸಿಗೆ ಹೋದರೆ ಉಳಿಯುವುದು 65. 1,300ನ್ನು 0.65ರಿಂದ ಭಾಗಿಸಿದರೆ 2,000: ಇಷ್ಟು ಬಿಲ್ ಆದರೆ ನಷ್ಟವಿಲ್ಲ. ಈಗ ಆಗುತ್ತಿರುವುದು 1,640 ಆದರೆ ಕೊರತೆ 360. ಸೋಮವಾರದಿಂದ ಗುರುವಾರದವರೆಗಿನ ಸುಮಾರು 17 ದಿನಗಳಿಗೆ ಹಂಚಿದರೆ ದಿನಕ್ಕೆ 21 ಜನ. ಇನ್ನೊಂದು ರೀತಿ ಹೇಳಿದರೆ, 180 ಜನ ತಿಂಗಳಿಗೆ ಎರಡು ಸಲ ಹೆಚ್ಚಿಗೆ ಬಂದರೆ ಸಾಕು. ಈ ಒಂದು ವಾಕ್ಯವೇ ಕರೆ. “ನಮ್ಮ ಹೋಟೆಲ್ ಉಳಿಸಿ” ಎಂದು ಬೋರ್ಡ್ ಹಾಕಿದರೆ ಹೊಸಬರು ಊಟವೇ ಚೆನ್ನಾಗಿಲ್ಲವೇನೋ ಎಂದುಕೊಂಡು ಮುಂದೆ ಹೋಗುತ್ತಾರೆ.

ಹೆಸರು ಬರೆಸುವಾಗ ವಾರವನ್ನೂ ಬರೆಸಿ: “ತಿಂಗಳ ಮೊದಲ ಮತ್ತು ಮೂರನೇ ಬುಧವಾರ, 7.45”. ಬರೀ “ಬರ್ತೀನಿ” ಅಂದವರು ಬರುವುದಿಲ್ಲ. ದಿನ ಬರೆಸಿದವರಲ್ಲೂ ಅರ್ಧ ಜನ ತಪ್ಪುತ್ತಾರೆಂದೇ ಹಿಡಿದು 180ರ ಬದಲು 360 ಹೆಸರು ಕೂಡಿಸಿ. ಸಂಘ, ಕಚೇರಿ, ತರಬೇತಿ ಕೇಂದ್ರಗಳಿಂದ ವಾರಕ್ಕೆ 20 ಊಟದ ಖಾಯಂ ಆರ್ಡರ್ ಒಂದೇ ಒಂದು ಸಿಕ್ಕರೂ ತಿಂಗಳಿಗೆ 80 ಬಿಲ್ ಆಯಿತು. ಮನೆ ಮನೆ ಸುತ್ತುವುದಕ್ಕಿಂತ ಇದಕ್ಕೆ ಓಡಾಡುವುದು ಮೇಲು.

ಮುಂಗಡ ಕೂಪನ್ ವಿಷಯದಲ್ಲಿ ಬಹಳ ಎಚ್ಚರ ಬೇಕು. ಕೂಪನ್ ಮಾರಿದ ಹಣ ಆದಾಯವಲ್ಲ, ಸಾಲ. ತೀರಿಸುವುದು ಊಟದ ರೂಪದಲ್ಲಿ, ಅಷ್ಟೇ. 600 ಕೂಪನ್ ಮಾರಿ ಆ ಹಣವನ್ನು ಹಳೆ ಬಾಕಿಗೆ ಕೊಟ್ಟು, ಮುಂದಿನ ತಿಂಗಳು ಎಲ್ಲರೂ ಒಟ್ಟಿಗೆ ಬಂದರೆ ದಿನಸಿ ತರಲೂ ಕೈಯಲ್ಲಿ ಕಾಸಿರುವುದಿಲ್ಲ. ನಾವು ಪಾಲಿಸಿದ ನಿಯಮ: ತಿಂಗಳಿಗೆ 200ಕ್ಕಿಂತ ಹೆಚ್ಚು ಮಾರಬಾರದು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಹೋಟೆಲಿನಲ್ಲೇ ಉಳಿಯುವ ಅರ್ಧಚೀಟಿ, ಯಾವ ತಿಂಗಳಲ್ಲಿ ಬಳಸಬೇಕೆಂಬ ಮುದ್ರೆ, ವಾರದ ನಡುವೆ ಮಾತ್ರ ಚಾಲ್ತಿ. ಬಂದ ಪ್ರತಿ 100ರಲ್ಲಿ ದಿನಸಿಯ 35 ಬೇರೆ ಖಾತೆಯಲ್ಲಿರಬೇಕು, ಕೂಪನ್ ವಾಪಸ್ ಬಂದಷ್ಟೇ ಅಲ್ಲಿಂದ ತೆಗೆಯಬೇಕು.

ರಿಯಾಯಿತಿಯಂತೂ ಬೇಡವೇ ಬೇಡ. ಅರ್ಧ ಬೆಲೆಗೆ ಕೊಟ್ಟರೆ 65ರ ಜಾಗದಲ್ಲಿ ಉಳಿಯುವುದು 15. ಮೊದಲಿನಷ್ಟೇ ಗಳಿಸಲು ನಾಲ್ಕು ಪಟ್ಟಿಗಿಂತ ಹೆಚ್ಚು ಜನ ಉಣ್ಣಬೇಕು. ಡೆಲಿವರಿ ಆ್ಯಪ್ 100ಕ್ಕೆ 25 ಕಮಿಷನ್ ಹಿಡಿದರೆ ಉಳಿಯುವುದು 40, ಅದರಲ್ಲಿ ಪ್ಯಾಕಿಂಗ್ ಬೇರೆ. ಆದ್ದರಿಂದ ಆ್ಯಪಿನಲ್ಲಿ ತರಿಸುವ ಹಳೆಯ ಗ್ರಾಹಕರಿಗೆ ಹೋಟೆಲಿಗೇ ಫೋನ್ ಮಾಡಿ ಎಂದು ಕೇಳಿಕೊಳ್ಳುವುದು ಖರ್ಚಿಲ್ಲದ ಸಹಾಯ.

ಕೂಡಿದ ದೇಣಿಗೆ ಮೊದಲು ಹೋಗಬೇಕಾದ್ದು ಕೆಲಸಗಾರರ ಬಾಕಿ ಸಂಬಳಕ್ಕೆ. ಅಡುಗೆಯವರು ಬಿಟ್ಟು ಹೋದರೆ ಉಳಿಸಲು ಏನೂ ಇರುವುದಿಲ್ಲ. ದಿನಸಿಯವರ ಹತ್ತಿರ ಹಳೆ ಬಾಕಿಯನ್ನು ಅಲ್ಲಿಗೆ ನಿಲ್ಲಿಸಿ 10 ಕಂತು ಮಾಡಿಸಿ, ಹೊಸ ಖರೀದಿಗೆ ನಗದು ಕೊಡುವುದಾಗಿ ಒಪ್ಪಿಸಿ. ವ್ಯಾಪಾರ ಮುಂದುವರಿಯುವುದರಿಂದ ಅವರು ಬಹುಮಟ್ಟಿಗೆ ಒಪ್ಪುತ್ತಾರೆ. ಕಟ್ಟಡದವರಿಗೆ ಸುಮ್ಮನೆ “ಬಾಡಿಗೆ ಇಳಿಸಿ” ಎನ್ನುವುದಕ್ಕಿಂತ, ಆರು ತಿಂಗಳು ಕಡಿಮೆ ಬಾಡಿಗೆಯ ಜೊತೆ ಮಾರಾಟದಲ್ಲಿ ಇಂತಿಷ್ಟು ಪಾಲು ಎಂದು ಕಾಗದದ ಮೇಲೆ ಕೇಳಿ.

ಎಲ್ಲ ಸರಿಯಾಗಿ ನಡೆದರೂ ಮೊದಲ ವಾರ ಕೆಡುವುದು ಅಡುಗೆಮನೆಯಲ್ಲೇ. 40 ಕುರ್ಚಿಗೆ 90 ಜನ ಒಟ್ಟಿಗೆ ಬಂದರೆ ಊಟಕ್ಕೆ ಮುಕ್ಕಾಲು ಗಂಟೆ ಕಾಯಬೇಕಾಗುತ್ತದೆ. ಹೊಸಬರು ಮತ್ತೆ ಬರುವುದಿಲ್ಲ, ಹಳಬರು ಬೇಸರಪಟ್ಟುಕೊಳ್ಳುತ್ತಾರೆ. 7.00, 7.45, 8.30 ಎಂದು ಮೂರು ಸರದಿ ಮಾಡಿ, ಒಂದೊಂದಕ್ಕೂ 25 ಹೆಸರಿಗಿಂತ ಹೆಚ್ಚು ಬರೆಯಬೇಡಿ. ಉಳಿದ ಕುರ್ಚಿ ಹಾಗೇ ಬರುವವರಿಗೆ. ಕರೆ ಕೊಡುವ ಮುಂಚೆಯೇ 60 ಬಗೆಯ ಪಟ್ಟಿಯನ್ನು 25ಕ್ಕೆ ಇಳಿಸಲು ಮಾಲೀಕರನ್ನು ಒಪ್ಪಿಸಿ. ಯಾವುದು ತಿಂಗಳಿಗೆ ಹತ್ತು ಸಲವೂ ಹೋಗುವುದಿಲ್ಲವೋ ಅದರ ಸಾಮಾನು ಕೊಳೆಯುತ್ತಿರುತ್ತದೆ. ಇದು ಅವರಿಗೆ ನೋವಿನ ಮಾತು, ಗುಂಪಿನಲ್ಲಲ್ಲ, ನಿಮ್ಮಲ್ಲಿ ಒಬ್ಬರೇ ಅವರ ಜೊತೆ ಕೂತು ನಿಧಾನವಾಗಿ ಆಡಬೇಕು.

ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತಿರಲಿ. ಪ್ರತಿ ಭಾನುವಾರ ಒಂದೇ ಸಾಲು: “ಈ ವಾರ 452 ಬಿಲ್, ಬೇಕಿದ್ದದ್ದು 462”. ಇಳಿದ ವಾರವೂ ಮುಚ್ಚಿಡದೆ ಹಾಕಬೇಕು, ಜನ ಮತ್ತೆ ಏಳುವುದು ಆ ಸಾಲು ನೋಡಿಯೇ.

ಅವಧಿ 13 ವಾರ ಎಂದು ಮೊದಲೇ ಸಾರಿಬಿಡಿ. ಅಷ್ಟರಲ್ಲಿ ತಿಂಗಳಿಗೆ 2,000 ಮುಟ್ಟದಿದ್ದರೆ ಕೂಪನ್ ಮಾರಾಟ ಅದೇ ದಿನ ನಿಲ್ಲಬೇಕು. ಬೇರೆ ಖಾತೆಯಲ್ಲಿ ಉಳಿದಿರುವ ಹಣದ ದಿನಸಿ ತಂದು, ಬಾಕಿ ಇರುವ ಕೂಪನ್‌ಗಳಿಗೆ ಊಟ ಕೊಟ್ಟು ಮುಗಿಸಿದ ಮೇಲೆಯೇ ಬಾಗಿಲು ಹಾಕುವ ದಿನ ನಿಗದಿ ಮಾಡಿ.