ಸ್ಪಾಟರ್ಸ್ ಕಣ್ಣಿಗೆ ಹತ್ತಬೇಕೆ? ಮಲಗುವ ಕ್ರಮ ಹೀಗಿರಲಿ

ಸ್ಪಾಟರ್ಸ್ ಎಂದರೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನೋಡಿ ಗುರುತಿಸಲೆಂದು ಇಡುವ ಸ್ಲೈಡ್, ಮಾದರಿಗಳು. ಪಿಯುಸಿ ಬಯಾಲಜಿ ಪ್ರಾಕ್ಟಿಕಲ್ ದಿನ ಕೆಂಪು ಕಣ್ಣು ಬಿಟ್ಟುಕೊಂಡು ಬರುವ ಹುಡುಗರನ್ನು ಪ್ರತಿ ವರ್ಷ ನೋಡುತ್ತೇನೆ. ಜೀವಕೋಶ ವಿಭಜನೆಯ ಒಂದು ಹಂತವಾದ ಮೆಟಾಫೇಸ್ ಎಂದರೇನು ಎಂದು ಕೇಳಿದರೆ ಉಸಿರು ತೆಗೆದುಕೊಳ್ಳದೆ ಒಪ್ಪಿಸುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಅದೇ ಮೆಟಾಫೇಸ್ ಕಂಡಾಗ ಅದರ ಮುಂದಿನ ಹಂತವಾದ ಅನಾಫೇಸ್ ಎಂದು ಬರೆದು ಹೋಗುತ್ತಾರೆ. ರಾತ್ರಿ ಮಲಗಿದ್ದೆಯೇನಪ್ಪಾ ಅಂದರೆ, ‘ಎಲ್ಲಿ ಸಾರ್, ಸ್ಪಾಟರ್ಸೇ ಮುಗಿದಿರಲಿಲ್ಲ.’ ವ್ಯಾಖ್ಯೆ ಬಾಯಿಪಾಠ ಮಾಡುವುದು ಒಂದು ಕೆಲಸ, ನೋಡಿದೊಡನೆ ಗುರುತು ಹಿಡಿಯುವುದು ಬೇರೆಯೇ ಕೆಲಸ. ಎರಡನೆಯದಕ್ಕೆ ಕಣ್ಣು ತೆರೆದಿಟ್ಟರಷ್ಟೇ ಸಾಲದು, ಮುಚ್ಚಲೂ ಬೇಕು.

ಹಂತ 1: ಜೋಡಿ ಮಾಡಿ ನೋಡಿ

ಒಂದಕ್ಕೊಂದು ಹೋಲುವ ಸ್ಲೈಡ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ದ್ವಿದಳ ಕಾಂಡದಲ್ಲಿ ವ್ಯಾಸ್ಕುಲರ್ ಬಂಡಲ್‌ಗಳು (ನೀರು, ಆಹಾರ ಸಾಗಿಸುವ ನಾಳಗಳ ಕಟ್ಟುಗಳು) ಉಂಗುರದಂತೆ ಸಾಲಾಗಿರುತ್ತವೆ, ಏಕದಳದಲ್ಲಿ ಚೆಲ್ಲಾಪಿಲ್ಲಿ. ಇದು ಸುಲಭ. ಗೈಡ್‌ಗಳಲ್ಲಿ ಬರುವ ಬಣ್ಣಬಣ್ಣದ ಚಿತ್ರಗಳನ್ನು ಮಾತ್ರ ನಂಬಬೇಡಿ; ಯಾವ ಸ್ಲೈಡೂ ಹಾಗೆ ಕಾಣುವುದಿಲ್ಲ. ಕಾಲೇಜಿನ ಸ್ಲೈಡನ್ನೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಹಂತ 2: ಒಂದನ್ನೇ ಅರೆಯಬೇಡಿ

ಒಂದೇ ದಿನ ಒಂದೇ ಬಗೆಯ ಚಿತ್ರವನ್ನು ಮತ್ತೆ ಮತ್ತೆ ನೋಡಿದರೆ ಗುರುತಿಸುವ ಶಕ್ತಿ ಹೆಚ್ಚುವ ಬದಲು ಕುಗ್ಗುತ್ತದೆ. ಹಾರ್ವರ್ಡ್‌ನಲ್ಲಿ ನಿದ್ದೆಯ ಸಂಶೋಧಕಿ ಸಾರಾ ಮೆಡ್ನಿಕ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ತೋರಿಸಿದರು. ಒಟ್ಟಾರೆ ಆಯಾಸವೇ ಕಾರಣ ಎನ್ನುವ ಹಾಗಿಲ್ಲ: ಚಿತ್ರವನ್ನು ನೋಟದ ಬೇರೊಂದು ಭಾಗಕ್ಕೆ ಸರಿಸಿದರೆ ಅದೇ ಜನ ಮತ್ತೆ ಸರಿಯಾಗಿ ಗುರುತಿಸಿದರು. ದಣಿದದ್ದು ಮಿದುಳಿನ ಆ ಒಂದು ಮೂಲೆ ಮಾತ್ರ. ಅರ್ಧ ಗಂಟೆ ನೋಡಿ, ಎದ್ದು ರೆಕಾರ್ಡ್ ಬರೆಯಿರಿ.

ಹಂತ 3: ಅದೇ ರಾತ್ರಿ ಮಲಗಿ, ಪೂರ್ತಿ ಮಲಗಿ

ಎಲ್ಲರೂ ಎಡವುವುದು ಇಲ್ಲೇ. ‘ಇವತ್ತು ನಿದ್ದೆಗೆಟ್ಟರೇನು, ಭಾನುವಾರ ಸೇರಿಸಿ ಮಲಗಿದರಾಯಿತು’ ಎಂಬ ಲೆಕ್ಕ ಈ ವಿಷಯದಲ್ಲಿ ನಡೆಯುವುದಿಲ್ಲ. ನಿದ್ದೆಯ ಸಂಶೋಧಕ ರಾಬರ್ಟ್ ಸ್ಟಿಕ್‌ಗೋಲ್ಡ್ ತಂಡದ 2000ದ ಪ್ರಯೋಗದಲ್ಲಿ, ಅಡ್ಡಗೆರೆಗಳ ನಡುವೆ ಓರೆಗೆರೆಗಳನ್ನು ಕ್ಷಣಮಾತ್ರ ತೋರಿಸಿ ಗುರುತಿಸಲು ಕಲಿಸಿದ್ದರು. ಕಲಿತ ರಾತ್ರಿ ಜಾಗರಣೆ ಮಾಡಿದವರು ಆಮೇಲೆ ಎರಡು ರಾತ್ರಿ ಚೆನ್ನಾಗಿ ಮಲಗಿದರೂ ಸುಧಾರಿಸಲಿಲ್ಲ. ಮೊದಲ ರಾತ್ರಿ ಹೋದರೆ ಹೋಯಿತು. ಗೆರೆ ಬೇರೆ, ಸ್ಲೈಡ್ ಬೇರೆ ಎಂದು ವಾದಿಸಬಹುದು. ಕಣ್ಣಿಗೆ ಸೂಕ್ಷ್ಮ ವ್ಯತ್ಯಾಸ ಹತ್ತಿಸುವ ಕೆಲಸ ಎರಡರಲ್ಲೂ ಇದೆ ಎನ್ನುವುದು ನನ್ನ ವಾದ.

‘ಪೂರ್ತಿ’ ಎಂದು ಒತ್ತಿ ಹೇಳಲೂ ಕಾರಣವಿದೆ. ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು. ಕಣ್ಣುಗುಡ್ಡೆ ಸರಸರ ಚಲಿಸುವ, ಕನಸು ಬೀಳುವ ರೆಮ್ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚು. ಸ್ಟಿಕ್‌ಗೋಲ್ಡ್ ತಂಡ ಕಂಡಂತೆ, ರಾತ್ರಿಯ ಮೊದಲ ಕಾಲುಭಾಗದ ಗಾಢ ನಿದ್ದೆ, ಕೊನೆಯ ಕಾಲುಭಾಗದ ರೆಮ್, ಇವೆರಡೂ ಎಷ್ಟು ಸಿಕ್ಕವು ಎಂಬುದರ ಮೇಲೆ ಸುಧಾರಣೆ ನಿಂತಿತ್ತು. ಇಸ್ರೇಲಿನಲ್ಲಿ ಅವಿ ಕರ್ನಿ, ದೋವ್ ಸಗಿ ಮತ್ತಿತರರು 1994ರಲ್ಲೇ ರೆಮ್ ಬಂದಾಗಲೆಲ್ಲ ಜನರನ್ನು ಎಬ್ಬಿಸಿ ನೋಡಿದ್ದರು. ಆ ರಾತ್ರಿ ಕಲಿಕೆ ಮುಂದೆ ಸಾಗಲೇ ಇಲ್ಲ.

ಈಗ ನಮ್ಮ ಮನೆಗಳ ಪದ್ಧತಿ ನೋಡಿ. ಹನ್ನೊಂದೂವರೆಯವರೆಗೆ ಟಿವಿ ಸದ್ದು, ನಾಲ್ಕು ಗಂಟೆಗೆ ಅಮ್ಮ ತಟ್ಟಿ ಎಬ್ಬಿಸುವುದು. ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ ಎಂದು ಹಿರಿಯರು ಹೇಳಿದ್ದು ಎಂಟೂವರೆಗೆ ಉಂಡು ಮಲಗುತ್ತಿದ್ದ ಕಾಲದಲ್ಲಿ. ನಾಲ್ಕಕ್ಕೆ ಏಳಲೇಬೇಕೆಂಬ ಹಟವಿದ್ದರೆ ಒಂಬತ್ತಕ್ಕೆ ದೀಪ ಆರಿಸಿ, ಇಡೀ ಮನೆಯದು. ಇಲ್ಲವಾದರೆ ಅಲಾರಂ ಆರಕ್ಕಿಡಿ. ನಾನಂತೂ ಎರಡನೆಯದನ್ನೇ ಹೇಳುವುದು.

ಸಂಜೆ ಐದರ ನಂತರ ಕಾಫಿ ಬೇಡ, ಎಷ್ಟೇ ಸ್ಟ್ರಾಂಗ್ ಆಸೆಯಾದರೂ. ಐದು ಗಂಟೆ ಕಳೆದರೂ ಕೆಫೀನಿನ ಸುಮಾರು ಅರ್ಧಪಾಲು ಮೈಯಲ್ಲೇ ಇರುತ್ತದೆ. ‘ನಿದ್ದೆಯಲ್ಲೇ ಕಲಿಯಿರಿ’ ಎಂದು ಮಾರುವ ಆಡಿಯೊಗಳಿಗೆ ಕಾಸು ಕೊಡಬೇಡಿ. ಹೊಸ ಪಾಠವನ್ನು ನಿದ್ದೆಯಲ್ಲಿ ಕಿವಿಗೆ ತುಂಬುವುದಲ್ಲ, ಹಗಲು ನೋಡಿದ್ದನ್ನು ಮಿದುಳು ತನ್ನಷ್ಟಕ್ಕೆ ಹದಮಾಡಿಕೊಳ್ಳಲು ಬಿಡುವುದು ಇಲ್ಲಿನ ಕೆಲಸ. ಇಯರ್‌ಫೋನ್ ಆ ಕೆಲಸ ಕೆಡಿಸುತ್ತದೆ.

ಹಂತ 4: ಮಾರನೇ ದಿನ ಮುಂದಿನ ಜೋಡಿ

ಕಾಂಡದ ಜೋಡಿ ಒಂದು ದಿನ, ಬೇರಿನ ಜೋಡಿ ಇನ್ನೊಂದು ದಿನ, ನಡುವೆ ಒಂದು ರಾತ್ರಿ. ಬ್ರೌನ್ ವಿಶ್ವವಿದ್ಯಾಲಯದ ಯುಕಾ ಸಸಾಕಿ, ಮಸಾಕೊ ತಮಾಕಿ ತಂಡ 2020ರಲ್ಲಿ ಇದರ ಒಳಗುಟ್ಟು ಹೇಳಿತು: ರೆಮ್ ಅಲ್ಲದ ನಿದ್ದೆಯಲ್ಲಿ ಮಿದುಳಿನ ದೃಷ್ಟಿಯ ಭಾಗ ಬದಲಾವಣೆಗೆ ಸಡಿಲಗೊಂಡು ನೋಟ ಚುರುಕಾಗುತ್ತದೆ, ರೆಮ್‌ನಲ್ಲಿ ಕಲಿತದ್ದು ಗಟ್ಟಿಯಾಗಿ, ಆಮೇಲೆ ಕಲಿಯುವ ಅದೇ ತರಹದ ವಿಷಯ ಅದನ್ನು ಅಳಿಸದಂತೆ ಕಾಯುತ್ತದೆ. ರೆಮ್ ಸಿಗದವರಿಗೆ ಎರಡನೆಯ ಪಾಠ ಮೊದಲನೆಯದನ್ನು ಕೆಡಿಸಿತು. ಎಲ್ಲ ಸ್ಲೈಡ್‌ಗಳನ್ನೂ ಒಂದೇ ಸಂಜೆ ಹರಡಿಕೊಂಡು ಕೂರುವವರಿಗೆ ಆಗುವುದೂ ಹೆಚ್ಚುಕಡಿಮೆ ಇದೇ.

ಅಡ್ಡದಾರಿ ಒಂದಿದೆ, ಮಧ್ಯಾಹ್ನದ ನಿದ್ದೆ. ಹದಿನೈದು ನಿಮಿಷ ಬೆಂಚಿಗೆ ತಲೆಯಿಟ್ಟರೆ ಸಾಲದು. 60ರಿಂದ 90 ನಿಮಿಷ ಮಲಗಿ, ಗಾಢ ನಿದ್ದೆ ಮತ್ತು ರೆಮ್ ಎರಡೂ ಬಂದವರಿಗೆ ಮಾತ್ರ ರಾತ್ರಿ ನಿದ್ದೆಯಷ್ಟೇ ಲಾಭವಾಯಿತೆಂದು ಮೆಡ್ನಿಕ್ ತಂಡ 2003ರಲ್ಲಿ ಕಂಡುಕೊಂಡಿತು. ರಜೆಯ ದಿನ ಮಾಡಿ. ಆದರೆ ಇದನ್ನೇ ನೆಪವಾಗಿಸಿ ರಾತ್ರಿ ಎರಡರವರೆಗೆ ಕೂರುವವರಿಗೆ ನಾನು ಇದನ್ನು ಹೇಳಿಯೇ ಇಲ್ಲ ಎಂದಿಟ್ಟುಕೊಳ್ಳಿ.

ಪರೀಕ್ಷೆಯ ಬೆಳಿಗ್ಗೆ ಹೊಸ ಸ್ಲೈಡ್ ಮುಟ್ಟಬೇಡಿ. ಹಳೆಯ ಫೋಟೊಗಳನ್ನು ಒಂದು ಸುತ್ತು ನೋಡಿ, ತಿಂಡಿ ತಿಂದು ಹೊರಡಿ. ಮಧ್ಯಾಹ್ನದ ಬ್ಯಾಚಿನವರು ಮೊದಲ ಬ್ಯಾಚಿನ ಹುಡುಗರನ್ನು ‘ಏನೇನು ಇಟ್ಟಿದ್ದಾರೋ’ ಎಂದು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸುವುದೂ ಬೇಡ. ನಾವು ನಡುವೆ ಸ್ಲೈಡ್ ಬದಲಾಯಿಸುತ್ತೇವೆ.