ಸಂಬಳ ಬಂದ ದಿನವೇ ಪಾಲು: ಬಜೆಟ್ ಸಾಫ್ಟ್‌ವೇರ್‌ನಲ್ಲಿ ತಿಂಗಳ ದುಡ್ಡು ಹಂಚುವುದು ಹೇಗೆ?

ಮೂರು ವರ್ಷ ನಾನು ಖರ್ಚಿನ ಲೆಕ್ಕ ಬರೆದಿಟ್ಟೆ. ಎಕ್ಸೆಲ್‌ನಲ್ಲಿ, ಬಣ್ಣಬಣ್ಣದ ಚಾರ್ಟು ಸಮೇತ. ತಿಂಗಳ ಕೊನೆಗೆ ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಪೈಸೆ ಬಿಡದೆ ಗೊತ್ತಾಗುತ್ತಿತ್ತು. ಹೋದ ಮೇಲೆ!

ಅಮ್ಮ ಯಾವತ್ತೂ ಖರ್ಚು ಬರೆದವಳಲ್ಲ. ಅಪ್ಪ ಸಂಬಳ ತಂದುಕೊಟ್ಟ ಸಂಜೆ ಬೀರು ತೆಗೆದು, ಹಳೆ ಲಗ್ನಪತ್ರಿಕೆಯ ಕವರುಗಳನ್ನು ಮಂಚದ ಮೇಲೆ ಹರಡಿಕೊಂಡು ಕೂರುತ್ತಿದ್ದಳು. ಒಂದೊಂದರ ಮೇಲೂ ಪೆನ್ಸಿಲ್‌ನಲ್ಲಿ ಹೆಸರು: ಬಾಡಿಗೆ, ಹಾಲು, ಅಂಗಡಿ, ಸ್ಕೂಲು, ಊರು. ನೋಟು ಎಣಿಸಿ ಒಳಗಿಡುತ್ತಿದ್ದಳು. ಅಂಗಡಿ ಕವರು ಖಾಲಿಯಾದರೆ ಊರಿನ ಕವರಿಗೆ ಕೈ ಹಾಕಬೇಕು. ಹಾಕಿದರೆ ಊರಿಗೆ ಹೋಗುವುದು ಮುಂದಿನ ತಿಂಗಳು. ಅಷ್ಟೇ ಲೆಕ್ಕ.

ಈಗ ನೋಟೇ ಕೈಗೆ ಬರುವುದಿಲ್ಲ. ಸಂಬಳ ಖಾತೆಗೆ ಬೀಳುತ್ತದೆ, ಸ್ಕ್ಯಾನ್ ಮಾಡಿದರೆ ಹೋಗುತ್ತದೆ. ಅಮ್ಮನ ಕವರುಗಳನ್ನೇ ಕಂಪ್ಯೂಟರಿನಲ್ಲಿ ಮಾಡಿಕೊಡುವ ಸಾಫ್ಟ್‌ವೇರ್‌ಗಳಿವೆ. ಅಮೆರಿಕದ ವೈನ್ಯಾಬ್ (YNAB, ‘ಯು ನೀಡ್ ಎ ಬಜೆಟ್’) ಇದರಲ್ಲಿ ಹೆಸರುವಾಸಿ. 2004ರಲ್ಲಿ ಬರೀ ಒಂದು ಸ್ಪ್ರೆಡ್‌ಶೀಟ್ ಆಗಿ ಶುರುವಾದದ್ದು. ಅದಕ್ಕೆ ಡಾಲರ್‌ನಲ್ಲಿ ಚಂದಾ ಕಟ್ಟಬೇಕು. ನಾನು ಬಳಸುವುದು ಆ್ಯಕ್ಚುಯಲ್ ಬಜೆಟ್. ಮೊದಲು ಇದಕ್ಕೂ ದುಡ್ಡು ಕೊಡಬೇಕಿತ್ತು. 2022ರಲ್ಲಿ ಓಪನ್ ಸೋರ್ಸ್ ಆಯಿತು, ಅಂದರೆ ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟರು, ಈಗ ಪುಕ್ಕಟೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಫೋನಿನಲ್ಲೂ ಅದೇ ಲೆಕ್ಕ ಕಾಣಬೇಕೆಂದರೆ ಎರಡರ ನಡುವೆ ಲೆಕ್ಕ ಹೊಂದಿಸುವ ಒಂದು ಸರ್ವರ್ ಹಾಕಿಕೊಳ್ಳಬೇಕು. ಆ ತಲೆನೋವು ಮೊದಲ ತಿಂಗಳಿಗೆ ಬೇಡ.

ಕೈಯಲ್ಲಿ ಎಷ್ಟಿದೆ?

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಅಂಕಿಯನ್ನು ನಮ್ಮ ಲಕ್ಷದ ರೀತಿಗೆ (1,00,000) ಬದಲಿಸಿಕೊಳ್ಳಿ. ತಾರೀಕನ್ನೂ ದಿನ-ತಿಂಗಳು-ವರ್ಷಕ್ಕೆ ತಿರುಗಿಸಿ. ಆಮೇಲೆ ಆ್ಯಡ್ ಅಕೌಂಟ್ ಒತ್ತಿ, ಸಂಬಳದ ಖಾತೆಗೆ ಒಂದು ಹೆಸರು ಕೊಟ್ಟು, ಇವತ್ತು ಅದರಲ್ಲಿರುವ ಮೊತ್ತ ಬರೆಯಿರಿ. ಪರ್ಸಿನಲ್ಲಿರುವ ನೋಟಿಗೆ ‘ನಗದು’ ಅಂತ ಇನ್ನೊಂದು ಖಾತೆ ಮಾಡಿ. ಎಟಿಎಂನಿಂದ ತೆಗೆದದ್ದು ಖರ್ಚಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದದ್ದು ಅಷ್ಟೇ. ಎಫ್‌ಡಿ, ಪಿಪಿಎಫ್ ಇದ್ದರೆ ಅವನ್ನು ‘ಆಫ್ ಬಜೆಟ್’ ಅಂತ ಗುರುತು ಹಾಕಿ. ಅದು ಈ ತಿಂಗಳು ಹಂಚುವ ದುಡ್ಡಲ್ಲ.

ಡಬ್ಬಿಗಳು

ಇವನ್ನು ಕ್ಯಾಟಗರಿ ಅನ್ನುತ್ತಾರೆ. ನಾನು ಡಬ್ಬಿ ಅನ್ನುತ್ತೇನೆ. ಸಾಫ್ಟ್‌ವೇರ್ ತಾನೇ ಕೆಲವು ಡಬ್ಬಿ ಮಾಡಿಟ್ಟಿರುತ್ತದೆ. ಅವುಗಳ ಹೆಸರು ಬದಲಿಸಿ, ಬೇಡದ್ದನ್ನು ಅಳಿಸಿ.

ಇಲ್ಲಿ ಅತಿ ಜಾಣತನ ಬೇಡ. ಮೊದಲ ಸಲ ನಾನು 40ಕ್ಕೂ ಜಾಸ್ತಿ ಡಬ್ಬಿ ಮಾಡಿದ್ದೆ. ಸೊಪ್ಪು ಬೇರೆ, ತರಕಾರಿ ಬೇರೆ, ಹಣ್ಣು ಬೇರೆ. ಎರಡನೇ ದಿನವೇ ನಿಂಬೆಹಣ್ಣು ಹಣ್ಣೋ ತರಕಾರಿಯೋ ಅಂತ ತಲೆ ಕೆರೆದುಕೊಂಡು ಕೂತೆ. ವಾರದೊಳಗೆ ಬರೆಯುವುದೇ ನಿಂತುಹೋಯಿತು. ಹದಿನೈದು, ಹದಿನೇಳು ಡಬ್ಬಿ ಒಂದು ಸಂಸಾರಕ್ಕೆ ಧಾರಾಳ ಸಾಕು. ‘ಮರೆತದ್ದು’ ಅಂತ ಒಂದು ಡಬ್ಬಿ ಮಾತ್ರ ಇರಲೇಬೇಕು.

ಇನ್ನು ಹಂಚುವುದು

ಬಜೆಟ್ ಪುಟದ ಮೇಲ್ಗಡೆ ‘ಟು ಬಜೆಟ್’ ಅಂತ ಒಂದು ಮೊತ್ತ ಕಾಣುತ್ತದೆ. ಇನ್ನೂ ಯಾವ ಡಬ್ಬಿಗೂ ಹಾಕದ ದುಡ್ಡು ಅದು. ಕೆಳಗೆ ಪ್ರತಿ ಡಬ್ಬಿಯ ಎದುರಿಗೆ ಮೂರು ಅಂಕಣ: ಹಾಕಿದ್ದು, ಖರ್ಚಾದದ್ದು, ಉಳಿದದ್ದು. ಮೊದಲ ಅಂಕಣದಲ್ಲಿ ನೀವು ಬರೆಯುತ್ತಾ ಹೋದಂತೆ ಮೇಲಿನ ಮೊತ್ತ ಕರಗುತ್ತಾ ಬರುತ್ತದೆ. ಅದು ಸೊನ್ನೆಗೆ ಬರುವವರೆಗೆ ಹಂಚಬೇಕು.

ಒಂದು ಉದಾಹರಣೆ ನೋಡೋಣ. ಸಂಬಳ 46,500, ಹೋದ ತಿಂಗಳ ಉಳಿಕೆ 1,500, ಒಟ್ಟು 48,000 ರೂಪಾಯಿ. ಮೊದಲು ತಪ್ಪಿಸಲಾಗದ್ದು: ಬಾಡಿಗೆ 13,000, ಕರೆಂಟು-ನೀರು-ಗ್ಯಾಸಿಗೆ 2,000, ಮೊಬೈಲು ಮತ್ತು ಇಂಟರ್‌ನೆಟ್ಟಿಗೆ 1,100, ಸ್ಕೂಟರ್ ಸಾಲದ ಕಂತು 3,200. ಇಷ್ಟಕ್ಕೇ 19,300 ಹೋಯಿತು. ಉಳಿದದ್ದು 28,700.

ಇಲ್ಲಿ ಎಲ್ಲರೂ ನೇರ ದಿನಸಿಗೆ ಹೋಗುತ್ತಾರೆ. ಒಂದು ನಿಮಿಷ ತಡೆಯಿರಿ. ವರ್ಷಕ್ಕೊಮ್ಮೆ ಬರುವ ಖರ್ಚುಗಳಿವೆಯಲ್ಲ, ಅವುಗಳ ಪಾಲು ಮೊದಲು ತೆಗೆಯಿರಿ. ನಮ್ಮ ಬಜೆಟ್ ಕೆಡಿಸುವುದು ದಿನದ ಕಾಫಿಯಲ್ಲ. ಜೂನ್ ತಿಂಗಳ ಸ್ಕೂಲ್ ಫೀಸು, ಎಲ್‌ಐಸಿ ಪ್ರೀಮಿಯಂ, ಗಾಡಿ ಇನ್ಶೂರೆನ್ಸು, ಹಬ್ಬ. ಇವೆಲ್ಲ ಬರುತ್ತವೆ ಅಂತ ಗೊತ್ತಿದ್ದೂ ಪ್ರತಿ ವರ್ಷ ‘ಅಯ್ಯೋ ಬಂದೇಬಿಡ್ತಲ್ಲ’ ಅನ್ನುತ್ತೇವೆ. ನನ್ನ ಮಟ್ಟಿಗೆ ಅದು ಗೌರಿ ಹಬ್ಬ. ತಂಗಿಗೆ ಕಳಿಸಬೇಕಾದ ಬಾಗಿನದ ದುಡ್ಡು ನೆನಪಾಗುತ್ತಿದ್ದದ್ದು ಹಬ್ಬದ ಹಿಂದಿನ ವಾರ, ಅದೂ ಅಮ್ಮನ ಫೋನು ಬಂದಾಗ.

ಫೀಸು ವರ್ಷಕ್ಕೆ 36,000 ಇದ್ದರೆ ಆ ಡಬ್ಬಿಯಲ್ಲಿ 36000/12 ಅಂತಲೇ ಟೈಪ್ ಮಾಡಿ. ಭಾಗಾಕಾರ ಅದೇ ಮಾಡಿಕೊಂಡು 3,000 ತೋರಿಸುತ್ತದೆ. ಪ್ರೀಮಿಯಂ 14,400ಕ್ಕೆ 1,200. ಇನ್ಶೂರೆನ್ಸು 1,800ಕ್ಕೆ 150. ಎಲ್ಲ ಹಬ್ಬಕ್ಕೂ ಸೇರಿ 12,000 ಅಂದುಕೊಂಡರೆ ತಿಂಗಳಿಗೆ 1,000. ಒಟ್ಟು 5,350. ಡಬ್ಬಿಯಲ್ಲಿ ಉಳಿದದ್ದು ತಾನಾಗಿ ಮುಂದಿನ ತಿಂಗಳಿಗೆ ಸೇರುತ್ತಾ ಹೋಗುತ್ತದೆ.

ಒಂದು ಎಚ್ಚರಿಕೆ. ಹನ್ನೆರಡರಿಂದ ಭಾಗಿಸುವುದು ಪೂರ್ತಿ ಹನ್ನೆರಡು ತಿಂಗಳು ಮುಂದೆ ಇದ್ದರೆ ಮಾತ್ರ. ನೀವು ಡಿಸೆಂಬರ್‌ನಲ್ಲಿ ಶುರು ಮಾಡಿದರೆ ಮೇ ಮುಗಿಯುವುದರೊಳಗೆ ಸಿಗುವುದು ಆರೇ ತಿಂಗಳು. ಆಗ ಫೀಸಿಗೆ ತಿಂಗಳಿಗೆ 6,000 ಹಾಕಬೇಕು. ಮೊದಲ ವರ್ಷ ಬಿಗಿಯಾಗುತ್ತದೆ. ಆಗದಿದ್ದರೆ ಆದಷ್ಟು ಹಾಕಿ. ಜೂನ್‌ನಲ್ಲಿ 36,000 ಹುಡುಕುವುದಕ್ಕಿಂತ 12,000 ಹುಡುಕುವುದು ವಾಸಿ ಅಲ್ವಾ?

ಈಗ ಉಳಿದದ್ದು 23,350. ದಿನಸಿ 6,000, ಹಾಲು 1,400, ತರಕಾರಿ-ಹಣ್ಣು 2,500, ಪೆಟ್ರೋಲು ಮತ್ತು ಆಟೊ 2,500, ಊರಿಗೆ ಕಳಿಸುವುದು 4,000. ಇನ್ನು 6,950 ಇದೆ. ಅದರಲ್ಲಿ ಆಪತ್ತಿಗೆ 4,000, ಔಷಧಿಗೆ 1,000, ಹೋಟೆಲ್-ಸಿನಿಮಾಕ್ಕೆ 1,450. ಕೊನೆಯ 500 ‘ಮರೆತದ್ದು’ ಡಬ್ಬಿಗೆ. ಮೇಲ್ಗಡೆ ಸೊನ್ನೆ ಬಂತು.

ಸೊನ್ನೆ ಅಂದರೆ ದುಡ್ಡು ಖಾಲಿ ಅಂತಲ್ಲ. ಪೂರ್ತಿ 48,000 ಇನ್ನೂ ಬ್ಯಾಂಕಿನಲ್ಲೇ ಇದೆ. ಪ್ರತಿ ರೂಪಾಯಿಗೂ ಹೆಸರು ಬಿತ್ತು, ಅಷ್ಟೇ.

ಬರಬೇಕಾದ ದುಡ್ಡನ್ನು ಮಾತ್ರ ಹಂಚಬೇಡಿ. ಒಮ್ಮೆ ನನಗೆ ಅನುವಾದ ಮಾಡಿಕೊಟ್ಟದ್ದಕ್ಕೆ 8,000 ಬರಬೇಕಿತ್ತು. ‘ಈ ವಾರ ಹಾಕ್ತೀವಿ ಸಾರ್’ ಅಂದಿದ್ದರು. ಬಂದೇಬಿಟ್ಟಿತು ಅಂತ ಅದನ್ನೂ ಸೇರಿಸಿ ಹಂಚಿದೆ. ಮೇಲ್ಗಡೆ ಕೆಂಪಕ್ಷರದಲ್ಲಿ ‘ಓವರ್‌ಬಜೆಟೆಡ್’ ಅಂತ ಬಂತು. ಬಂದರೆ ಬರಲಿ ಅಂತ ಸುಮ್ನೆ ಬಿಟ್ಟೆ. ದುಡ್ಡು ಬಂದದ್ದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಆಪತ್ತಿನ ಡಬ್ಬಿ ಖಾಲಿ.

ತಿಂಗಳ ಮಧ್ಯೆ

ಖರ್ಚು ಆದಾಗ ಅದನ್ನು ಬರೆದು ಡಬ್ಬಿ ತೋರಿಸಬೇಕು. ದಿನಾ ಬರೆಯಲು ಆಗದವರು ಬ್ಯಾಂಕಿನ ಸ್ಟೇಟ್‌ಮೆಂಟನ್ನು ಸಿಎಸ್‌ವಿ ಫೈಲಾಗಿ (ಎಕ್ಸೆಲ್‌ನಲ್ಲೂ ತೆರೆಯುವ ಸಾದಾ ಪಟ್ಟಿ) ಇಳಿಸಿಕೊಂಡು ವಾರಕ್ಕೊಮ್ಮೆ ಇಂಪೋರ್ಟ್ ಮಾಡಬಹುದು. ನಮ್ಮ ಸ್ಟೇಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ತೆಗೆದದ್ದಕ್ಕೊಂದು, ಕಟ್ಟಿದ್ದಕ್ಕೊಂದು ಎರಡು ಅಂಕಣ ಇರುತ್ತವೆ. ಇಂಪೋರ್ಟ್ ಕಿಟಕಿಯಲ್ಲಿ ಒಳಬಂದದ್ದು, ಹೊರಹೋದದ್ದು ಬೇರೆ ಬೇರೆ ಅಂಕಣ ಅನ್ನುವ ಆಯ್ಕೆಗೆ ಟಿಕ್ ಹಾಕಿ. ಇಲ್ಲದಿದ್ದರೆ ಖರ್ಚೆಲ್ಲ ಸಂಬಳದ ಹಾಗೆ ಕಂಡೀತು.

ಇಪ್ಪತ್ತನೇ ತಾರೀಕಿಗೆ ನೆಂಟರು ಬಂದರು ಅಂದುಕೊಳ್ಳಿ. ದಿನಸಿಗೆ ಹಾಕಿದ್ದು 6,000, ಆದದ್ದು 6,850. ಉಳಿದದ್ದರ ಅಂಕಣದಲ್ಲಿ ಕೆಂಪಗೆ ಮೈನಸ್ 850. ತುಂಬಾ ಜನ ಇಲ್ಲೇ ಬೇಜಾರಾಗಿ ಬಜೆಟ್ ಕೈಬಿಡುತ್ತಾರೆ. ಬಿಡಬೇಡಿ, ಈ ಸಾಫ್ಟ್‌ವೇರ್ ಇರುವುದೇ ಈ ಗಳಿಗೆಗೆ. ಆ ಕೆಂಪು ಮೊತ್ತದ ಮೇಲೆ ಕ್ಲಿಕ್ ಮಾಡಿ, ‘ಕವರ್ ಓವರ್‌ಸ್ಪೆಂಡಿಂಗ್’ ಆರಿಸಿ. ಯಾವ ಡಬ್ಬಿಯಿಂದ ತರಲಿ ಅಂತ ಕೇಳುತ್ತದೆ. ಹೋಟೆಲ್ ಡಬ್ಬಿಯಲ್ಲಿ 1,000 ಇದೆ, ಅದನ್ನು ಆರಿಸಿ. ದಿನಸಿ ಸೊನ್ನೆಗೆ ಬಂತು, ಹೋಟೆಲಿಗೆ 150 ಉಳಿಯಿತು. ನೆಂಟರು ಬಂದರು, ಸಿನಿಮಾ ಹೋಯಿತು. ಅಮ್ಮ ಊರಿನ ಕವರಿಗೆ ಕೈ ಹಾಕುತ್ತಿದ್ದದ್ದೂ ಇದೇ ತಾನೆ.

ಮುಚ್ಚದೆ ಬಿಟ್ಟರೆ ಆ 850 ಮುಂದಿನ ತಿಂಗಳು ಹಂಚುವ ದುಡ್ಡಿನಲ್ಲೇ ಕಡಿತವಾಗುತ್ತದೆ. ಲೆಕ್ಕ ತಪ್ಪುವುದಿಲ್ಲ. ಆದರೆ ಏನನ್ನು ಬಿಟ್ಟು ಏನು ತಂದಿರಿ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ.

ಕ್ರೆಡಿಟ್ ಕಾರ್ಡ್ ಇರುವವರಿಗೆ

ಕಾರ್ಡನ್ನೂ ಒಂದು ಖಾತೆಯಾಗಿ ಸೇರಿಸಿ. ಅದರ ಬಾಕಿ ಮೈನಸ್‌ನಲ್ಲಿರಲಿ. ಕಾರ್ಡ್ ಉಜ್ಜಿದ ದಿನವೇ ಖರ್ಚನ್ನು ಅದರ ಡಬ್ಬಿಗೆ ಹಾಕಿ: ಪೆಟ್ರೋಲು ಪೆಟ್ರೋಲಿಗೆ, ಔಷಧಿ ಔಷಧಿಗೆ. ತಿಂಗಳಾದ ಮೇಲೆ ಬಿಲ್ ಕಟ್ಟುತ್ತೀರಲ್ಲ, ಅದು ಖರ್ಚಲ್ಲ. ಖಾತೆಯಿಂದ ಖಾತೆಗೆ ವರ್ಗಾವಣೆ. ‘ಕಾರ್ಡ್ ಬಿಲ್’ ಅಂತ ಒಂದು ಡಬ್ಬಿ ಮಾಡಿದರೆ ಒಂದೇ ಖರ್ಚು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಹಳೆ ಬಾಕಿ ತೀರಿಸುತ್ತಿರುವವರು ಮಾತ್ರ ಅದಕ್ಕೆ ಬೇರೆ ಡಬ್ಬಿ ಇಡಬೇಕು.

ಮುಂದಿನ ತಿಂಗಳು

ತುಂಬಾ ಕಡೆ ಸಂಬಳ ತಿಂಗಳ ಕೊನೇ ದಿನ ಬೀಳುತ್ತದೆ. 31ಕ್ಕೆ ಬಂದದ್ದನ್ನು ಈ ತಿಂಗಳೇ ಮುಟ್ಟಬೇಡಿ. ಟು ಬಜೆಟ್ ಮೊತ್ತದ ಮೇಲೆ ಕ್ಲಿಕ್ ಮಾಡಿದರೆ ‘ಹೋಲ್ಡ್ ಫಾರ್ ನೆಕ್ಸ್ಟ್ ಮಂತ್’ ಅಂತ ಇದೆ, ಅದರಲ್ಲಿ ಎತ್ತಿಡಿ. ಹಾಗೇ ಬಿಟ್ಟರೂ ಮುಂದಕ್ಕೆ ಹೋಗುತ್ತದೆ ನಿಜ. ಆದರೆ ಕಣ್ಣೆದುರಿಗಿದ್ದರೆ ಕೈ ಸುಮ್ಮನಿರುವುದಿಲ್ಲ.

ಎರಡನೇ ತಿಂಗಳಿಂದ ಎಲ್ಲ ಮೊದಲಿನಿಂದ ಟೈಪ್ ಮಾಡಬೇಕಿಲ್ಲ. ತಿಂಗಳ ಹೆಸರಿನ ಪಕ್ಕದ ಮೆನುವಿನಲ್ಲಿ ಹೋದ ತಿಂಗಳದ್ದನ್ನು ನಕಲು ಮಾಡುವ ಆಯ್ಕೆ ಇದೆ. ಮೂರು ತಿಂಗಳಾದ ಮೇಲೆ ಮೂರು ತಿಂಗಳ ಸರಾಸರಿ ಹಾಕುವ ಆಯ್ಕೆಯೂ ಉಪಯೋಗಕ್ಕೆ ಬರುತ್ತದೆ. ಆದರೆ ಸರಾಸರಿ ಹಾಕಿದ ಮೇಲೆ ಫೀಸು, ಪ್ರೀಮಿಯಂ ಡಬ್ಬಿಗಳನ್ನು ಕೈಯಾರೆ ಸರಿಮಾಡಿ. ಕಟ್ಟುವ ತಿಂಗಳು ಬರುವವರೆಗೆ ಅವುಗಳ ಖರ್ಚು ಸೊನ್ನೆ, ಸರಾಸರಿಯೂ ಸೊನ್ನೆ.

ತಿಂಗಳ ಕೊನೆಗೆ ಖಾತೆಯ ಪುಟದಲ್ಲಿರುವ ಬೀಗದ ಗುರುತು ಒತ್ತಿ, ಬ್ಯಾಂಕ್ ಆ್ಯಪ್ ತೋರಿಸುವ ಬಾಕಿಯನ್ನು ಬರೆಯಿರಿ. ಎರಡೂ ಹೊಂದಿದರೆ ಸರಿ. ನನ್ನದು ಹೋದ ತಿಂಗಳು 37 ರೂಪಾಯಿ ಹೊಂದಲಿಲ್ಲ. ಅರ್ಧ ಗಂಟೆ ಹುಡುಕಿದೆ. ಎಳನೀರೋ, ಜೆರಾಕ್ಸೋ, ಗೊತ್ತಾಗಲಿಲ್ಲ. ‘ಮರೆತದ್ದು’ ಡಬ್ಬಿಗೆ ಹಾಕಿ ಬೀಗ ಒತ್ತಿದೆ.