ಗಾಳಿಯ ಅಣುಗಳ ನಡುವಿನ ಅಂತರ: ನಾನು ಲೆಕ್ಕ ಹಾಕುವ ಬಗೆ

ಆದರ್ಶ ಅನಿಲದಲ್ಲಿ (ಅಣುಗಳು ಒಂದನ್ನೊಂದು ಸೆಳೆಯುವುದಿಲ್ಲ, ಅವುಗಳ ಗಾತ್ರವೂ ಲೆಕ್ಕಕ್ಕಿಲ್ಲ ಎಂದು ಭಾವಿಸಿದ ಅನಿಲ) ಅಣುಗಳು ದೂರ ದೂರ ಇರುತ್ತವೆ ಎಂದಷ್ಟೇ ಹೇಳಿ ಪಾಠ ಮುಗಿಸುವುದು ನನಗೆ ಒಗ್ಗುವುದಿಲ್ಲ. ಎಷ್ಟು ದೂರ ಎಂದು ಪಿಯುಸಿ ಮಕ್ಕಳು ಕೇಳಲೇಬೇಕು. ಬೆಂಗಳೂರಿನ ನಮ್ಮ ತರಗತಿಯ ಗಾಳಿಯಿಂದಲೇ ಲೆಕ್ಕ ಶುರು ಮಾಡುತ್ತೇನೆ.

ಒಂದು ಮೋಲ್‌ಗೆ, ಅಂದರೆ 6.02 × 10²³ ಅಣುಗಳಿಗೆ, 22.4 ಲೀಟರ್ ಎಂಬ ಅಂಕಿಯನ್ನು ಬದಿಗಿಡುತ್ತೇನೆ. ಅದು 0 ಡಿಗ್ರಿ ಸೆಲ್ಸಿಯಸ್‌ಗೆ, ಸಮುದ್ರಮಟ್ಟದ ಒತ್ತಡಕ್ಕೆ ಸೇರಿದ್ದು. ಇಲ್ಲಿನ ಒತ್ತಡ ಸುಮಾರು 91,000 ಪ್ಯಾಸ್ಕಲ್, ಉಷ್ಣತೆ 300 ಕೆಲ್ವಿನ್ ಎಂದಿಟ್ಟುಕೊಳ್ಳೋಣ. ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು (ಕೆಲ್ವಿನ್‌ಗೆ 1.38 × 10⁻²³ ಜೌಲ್) ಉಷ್ಣತೆಯಿಂದ ಗುಣಿಸಿ ಒತ್ತಡದಿಂದ ಭಾಗಿಸಿದರೆ ಒಂದು ಅಣುವಿನ ಪಾಲಿನ ಜಾಗ ನೇರವಾಗಿ ಸಿಗುತ್ತದೆ: 4.55 × 10⁻²⁶ ಘನಮೀಟರ್. ಅದರ ಘನಮೂಲ ಸುಮಾರು 3.6 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರ್), ಅಂದರೆ ಸಾರಜನಕದ ಅಣುವಿನ ವ್ಯಾಸದ ಹತ್ತರಷ್ಟು. ಮಂಗಳೂರಿನಲ್ಲಿ ಒತ್ತಡ ಶೇ 11ರಷ್ಟು ಹೆಚ್ಚಿದ್ದರೂ ಅಂತರ 3.4ಕ್ಕೆ ಇಳಿಯುತ್ತದೆ, ಅಷ್ಟೇ. ಘನಮೂಲದ ಮುಂದೆ ಒತ್ತಡದ ಆಟ ಹೆಚ್ಚು ನಡೆಯುವುದಿಲ್ಲ.

ಸ್ಥಿರಾಂಕವನ್ನೇ ಮುಟ್ಟದೆ ತಾಳೆ ನೋಡುವ ದಾರಿಯೊಂದಿದೆ, ನನಗೆ ಅದೇ ಹೆಚ್ಚು ಇಷ್ಟ. ಕುದಿಯುವ ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಅಂತರ ಹಿಗ್ಗುವುದು ಇದರ ಘನಮೂಲದಷ್ಟು, ಅಂದರೆ 11.7 ಪಟ್ಟು. ಕುದಿಯುವ ದ್ರವದಲ್ಲಿ ಅಣುಗಳ ಅಂತರ 0.315 ನ್ಯಾನೋಮೀಟರ್. ಗುಣಿಸಿದರೆ ಹಬೆಗೆ 3.7 ಬರುತ್ತದೆ. ಹಿಂದಿನ ಸೂತ್ರದಲ್ಲಿ 373 ಕೆಲ್ವಿನ್ ಮತ್ತು ಸಮುದ್ರಮಟ್ಟದ ಒತ್ತಡ ಹಾಕಿದರೂ ಅದೇ 3.7.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ. ಘನಮೂಲ ತೆಗೆಯುವಾಗ ನಾವು ಅಣುಗಳನ್ನು ಪರೇಡಿನ ಸಾಲಿನಂತೆ ನಿಲ್ಲಿಸಿರುತ್ತೇವೆ. ಆದರ್ಶ ಅನಿಲದ ಅಣುಗಳಿಗೆ ಅಂಥ ಶಿಸ್ತಿಲ್ಲ. ಕೆಲವು ಗುಂಪಾಗಿರುತ್ತವೆ, ಕೆಲವೆಡೆ ಖಾಲಿ. ಹಾಗಾಗಿ ಅತಿ ಹತ್ತಿರದ ನೆರೆಯ ಅಣುವಿನ ಸರಾಸರಿ ದೂರ ಘನಮೂಲದ 0.554 ಪಟ್ಟು ಮಾತ್ರ. ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ 1943ರ ಲೇಖನದಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಲಾಗಿದೆ. ನಾನು ಕಂಪ್ಯೂಟರಿನಲ್ಲಿ ಒಂದು ಘನದೊಳಗೆ ಬಿಂದುಗಳನ್ನು ಯಾದೃಚ್ಛಿಕವಾಗಿ ಎರಚಿ ಅಳೆದೆ. ಗೋಡೆಯಂಚಿನ ಬಿಂದುಗಳಿಗೆ ಒಂದು ಬದಿಯಲ್ಲಿ ನೆರೆಯೇ ಇಲ್ಲದಿರುವುದರಿಂದ ಎದುರುಬದುರು ಗೋಡೆಗಳನ್ನು ಜೋಡಿಸಿದಂತೆ ಲೆಕ್ಕಿಸಬೇಕು, ಆಗ 0.55 ಚೆನ್ನಾಗಿ ಬರುತ್ತದೆ. ನಮ್ಮ ತರಗತಿಯ ಗಾಳಿಯಲ್ಲಿ ಅತಿ ಹತ್ತಿರದ ನೆರೆಯ ದೂರ ಸುಮಾರು 2 ನ್ಯಾನೋಮೀಟರ್.

ಮಕ್ಕಳು ಇದನ್ನು ಸರಾಸರಿ ಮುಕ್ತ ಪಥದೊಂದಿಗೆ ಬೆರೆಸುವುದುಂಟು. ಅದು ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಅಣು ಸಾಗುವ ದೂರ, ಇಲ್ಲಿ ಸುಮಾರು 75 ನ್ಯಾನೋಮೀಟರ್. ನೆರೆಯ ಅಣು ಅಷ್ಟು ಹತ್ತಿರವಿದ್ದರೂ ಅದು ದಾರಿಗೆ ಅಡ್ಡ ಇರಬೇಕೆಂದೇನಿಲ್ಲವಲ್ಲ!